ಇಟಗಿಯ ತೇದಿ, ಏಳು ದಿನದ ಅಂತರ ಮತ್ತು ತಂತ್ರಾಂಶದ ಆವೃತ್ತಿ

ಗದಗದಿಂದ ಕೊಪ್ಪಳಕ್ಕೆ ಹೋಗುವ ರೈಲು ಮಾರ್ಗದಲ್ಲಿ ತಳಕಲ್ ಒಂದು ಸಣ್ಣ ನಿಲ್ದಾಣ. ಗದಗ-ವಾಡಿ ಹೊಸ ಮಾರ್ಗ ಇಲ್ಲಿಂದಲೇ ಕವಲೊಡೆದು ಕುಕನೂರು, ಯಲಬುರ್ಗಾ, ಕುಷ್ಟಗಿ ಕಡೆ ಹೋಗುತ್ತೆ. ಕೊಪ್ಪಳ ವಿಶ್ವವಿದ್ಯಾಲಯ ಶುರುವಾದದ್ದೂ ಇದೇ ಊರಲ್ಲಿ. ಶಾಸನದ ಹುಚ್ಚು ಇರುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗೋದು ಕಷ್ಟ. ಒಂದು ಕಡೆ ಇಟಗಿಯ ಮಹಾದೇವ ದೇವಾಲಯ, ಇನ್ನೊಂದು ಕಡೆ ಕುಕನೂರಿನ ನವಲಿಂಗ ಮತ್ತು ಕಲ್ಲೇಶ್ವರ, ಪೂರ್ವಕ್ಕೆ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳು. ಕವಿರಾಜಮಾರ್ಗಕಾರ ತಿರುಳ್ಗನ್ನಡದ ಸೀಮೆ ಅಂತ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಈ ಸುತ್ತಿನ ಹುಡುಗ ಹುಡುಗಿಯರು ಈಗ ಮೊಬೈಲು, ಲ್ಯಾಪ್‌ಟಾಪು ಹಿಡಿದೇ ಶಾಸನ ಓದ್ತಾರೆ, ತೇದಿ ಲೆಕ್ಕ ಹಾಕ್ತಾರೆ, ಪದ ಎಣಿಸ್ತಾರೆ. ಹಾಗಾಗಿ ಈ ಸಲ ಹೊಸ ಶಾಸನದ ಪಾಠ ಕೊಡುತ್ತಿಲ್ಲ. ಶಾಸನ ಓದಲು ನಾವು ಬಳಸುವ ತಂತ್ರಾಂಶದ ಹೆಸರು ಮತ್ತು ಆವೃತ್ತಿಯನ್ನ ಬರೆದಿಡದೇ ಹೋದರೆ ಏನಾಗುತ್ತೆ ಅನ್ನೋದನ್ನ ನೋಡೋಣ. ಇದು ಕಂಪ್ಯೂಟರಿನವರ ತಲೆನೋವು ಅಂತ ಪುಟ ಮುಚ್ಚಬೇಡಿ. ಇಟಗಿಯಿಂದಲೇ ಶುರು ಮಾಡ್ತೇನೆ.

ಇಟಗಿಯ ದೇವಾಲಯವನ್ನ ಕಟ್ಟಿಸಿದವನು ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅಲ್ಲಿನ ದೊಡ್ಡ ಶಾಸನವನ್ನ ಲಯೋನೆಲ್ ಬಾರ್ನೆಟ್ ಎಪಿಗ್ರಾಫಿಯಾ ಇಂಡಿಕಾದ 13ನೇ ಸಂಪುಟದಲ್ಲಿ ಪ್ರಕಟಿಸಿದ. ಶಾಸನದ ಕಾಲ ಚಾಲುಕ್ಯ ವಿಕ್ರಮ ವರ್ಷ 37, ಅಂದರೆ ಕ್ರಿ.ಶ. 1112. ವಿಕ್ರಮಾದಿತ್ಯ ಶಕವರ್ಷವನ್ನ ಬದಿಗಿಟ್ಟು ತನ್ನದೇ ವರ್ಷಗಣನೆ ಶುರು ಮಾಡಿದ್ದು 1076ರಲ್ಲಿ, ಶಕ 998, ನಳ ಸಂವತ್ಸರ. ಅದು ಒಂದನೇ ವರ್ಷವಾದರೆ 37ನೇ ವರ್ಷ ಶಕ 1034. ಸಂವತ್ಸರ ಹುಡುಕೋ ಹಳೇ ಸೂತ್ರ ನಿಮಗೆ ಗೊತ್ತೇ ಇರುತ್ತೆ: ಗತಶಕಕ್ಕೆ 12 ಕೂಡಿಸಿ, 60ರಿಂದ ಭಾಗಿಸಿ, ಉಳಿದ ಶೇಷವನ್ನ ಪ್ರಭವದಿಂದ ಎಣಿಸೋದು. 1034ಕ್ಕೆ 12 ಸೇರಿದರೆ 1046. 60ರಿಂದ ಭಾಗಿಸಿದರೆ ಶೇಷ 26. ಇಪ್ಪತ್ತಾರನೆಯದು ನಂದನ.

ಇಲ್ಲಿಯವರೆಗೆ ಬೆರಳಲ್ಲೇ ಆಯಿತು. ಈಗ ಇದೇ ಲೆಕ್ಕವನ್ನ ಒಬ್ಬ ವಿದ್ಯಾರ್ಥಿ ಪೈಥಾನ್ ಭಾಷೆಯಲ್ಲಿ ಬರೆದ ಅಂತ ಇಟ್ಟುಕೊಳ್ಳಿ. ಶೇಷ ತೆಗೆಯೋಕೆ ನೇರ ಸೂತ್ರ ಇದೆ, ಆದರೆ ಆತ ಶಾಲೆಯಲ್ಲಿ ಕಲಿತ ಹಾಗೆ ಮೊದಲು 1046ನ್ನ 60ರಿಂದ ಭಾಗಿಸಿ, ಬಂದ ಭಾಗಲಬ್ಧವನ್ನ ಮತ್ತೆ 60ರಿಂದ ಗುಣಿಸಿ, ಮೂಲದಿಂದ ಕಳೆದ. ಪೈಥಾನ್ 2ರಲ್ಲಿ ಎರಡು ಪೂರ್ಣಾಂಕಗಳ ಭಾಗಾಕಾರಕ್ಕೆ ಪೂರ್ಣಾಂಕವೇ ಉತ್ತರ. ಹಾಗಾಗಿ ಭಾಗಲಬ್ಧ 17, ಗುಣಿಸಿದರೆ 1020, ಕಳೆದರೆ 26. ನಂದನ, ಸರಿ. ಅದೇ ಸಾಲುಗಳನ್ನ ಪೈಥಾನ್ 3ರಲ್ಲಿ ಓಡಿಸಿದರೆ ಭಾಗಲಬ್ಧ 17.43 ಚಿಲ್ಲರೆ. ಅದನ್ನ ಮತ್ತೆ 60ರಿಂದ ಗುಣಿಸಿದರೆ ಹೊರಟಲ್ಲಿಗೇ ವಾಪಸು. ಉತ್ತರ ಸೊನ್ನೆ, ಅಥವಾ ಸೊನ್ನೆಗೆ ಅಂಟಿಕೊಂಡ ಏನೋ ಒಂದು ಚೂರು. ಸೊನ್ನೆಯನ್ನ ಅರವತ್ತು ಅಂತ ಓದಿದರೆ ಇಟಗಿಯ ಶಾಸನ ಅಕ್ಷಯ ಸಂವತ್ಸರದ್ದಾಗುತ್ತೆ. ಇಟಗಿ ಮಾತ್ರ ಅಲ್ಲ, ಕರ್ನಾಟಕದ ಎಲ್ಲಾ ಶಾಸನಗಳೂ ಅಕ್ಷಯವೇ! ಪೈಥಾನ್ 3 ಬಂದದ್ದು 2008ರಲ್ಲಿ, ಪೈಥಾನ್ 2ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ನಡುವಿನ ಹನ್ನೊಂದು ವರ್ಷ ಎರಡೂ ಒಟ್ಟಿಗೇ ಓಡಾಡ್ತಿದ್ದವು.

ಇಂಥ ತಪ್ಪು ಅಪಾಯದ್ದಲ್ಲ ಬಿಡಿ. ಎಲ್ಲ ಶಾಸನವೂ ಅಕ್ಷಯ ಅಂತ ಬಂದ ತಕ್ಷಣ ಯಾರಾದರೂ ಎದ್ದು ನಿಲ್ತಾರೆ. ನನಗೆ ಹೆಚ್ಚು ಚಿಂತೆ ತರೋದು ಕಣ್ಣಿಗೆ ಬೀಳದ ತಪ್ಪು. ಅದರ ಅತ್ಯುತ್ತಮ ಉದಾಹರಣೆ ಇದೇ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕೂತಿದೆ.

ಫ್ಲೀಟ್, ಕೀಲ್‌ಹಾರ್ನ್, ಸೂವೆಲ್, ಸ್ವಾಮಿಕಣ್ಣು ಪಿಳ್ಳೈ ಇವರೆಲ್ಲ ಮಧ್ಯಕಾಲದ ಶಾಸನಗಳಿಗೆ ಕೊಟ್ಟ ಇಂಗ್ಲಿಷ್ ತೇದಿಗಳು ಜೂಲಿಯನ್ ಪಂಚಾಂಗದವು. ಆಗ ಗ್ರೆಗೋರಿಯನ್ ಪಂಚಾಂಗ ಹುಟ್ಟಿರಲೇ ಇಲ್ಲ, ಅದು ಬಂದದ್ದು 1582ರಲ್ಲಿ. ಆದರೆ ಇವತ್ತಿನ ಬಹಳಷ್ಟು ಪ್ರೋಗ್ರಾಮಿಂಗ್ ಭಾಷೆಗಳು ಗ್ರೆಗೋರಿಯನ್ ನಿಯಮವನ್ನೇ ಹಿಂದಕ್ಕೆ ಎಳೆದುಕೊಂಡು ಹೋಗುತ್ತವೆ. ಪೈಥಾನ್‌ನ ತೇದಿ ಘಟಕ ಹಾಗೇ ಮಾಡೋದು, ಅದರ ಕೈಪಿಡಿಯಲ್ಲೇ ಬರೆದಿದ್ದಾರೆ. ಅದಕ್ಕೆ 1112ರ ಡಿಸೆಂಬರ್ 25 ಅಂತ ಕೊಟ್ಟರೆ ಅದು ತೆಗೆದುಕೊಳ್ಳೋದು ಗ್ರೆಗೋರಿಯನ್ ಡಿಸೆಂಬರ್ 25. ಫ್ಲೀಟ್ ಕಾಲದ ವಿದ್ವಾಂಸರು ಬರೆಯುವ 1112ರ ಡಿಸೆಂಬರ್ 25 ಜೂಲಿಯನ್, ಗ್ರೆಗೋರಿಯನ್‌ಗೆ ತಂದರೆ 1113ರ ಜನವರಿ 1. ಏಳು ದಿನ ವ್ಯತ್ಯಾಸ. ಇಸವಿಯೇ ಬದಲು! ಹನ್ನೆರಡನೇ ಶತಮಾನದಲ್ಲಿ ಉತ್ತರಾಯಣ ಸಂಕ್ರಾಂತಿ ಬೀಳ್ತಿದ್ದದ್ದು ಜೂಲಿಯನ್ ಡಿಸೆಂಬರ್ 24-25ರ ಆಸುಪಾಸು. ದಾನ ಕೊಡೋಕೆ ಆಗಿನವರಿಗೆ ಬಲು ಇಷ್ಟದ ಪರ್ವ ಅದು. ಅಂದರೆ ಈ ಇಸವಿ ಬದಲಾಗುವ ಆಟ ಒಂದೆರಡು ಶಾಸನಕ್ಕಲ್ಲ, ಸಂಕ್ರಾಂತಿ ದಾನದ ಶಾಸನಗಳ ಒಂದು ದೊಡ್ಡ ಗುಂಪಿಗೇ ಸಂಬಂಧಿಸಿದ್ದು.

ಆದರೆ ವಾರ ನೋಡಿದರೆ ಗೊತ್ತಾಗಬೇಕಲ್ಲ? ಶಾಸನದಲ್ಲಿ ತಿಥಿಯ ಜೊತೆ ವಾರ ಇರುತ್ತೆ. ತೇದಿ ಪರೀಕ್ಷೆಯಲ್ಲಿ ನಾವು ಮೊದಲು ನೋಡೋದೂ ವಾರವನ್ನೇ. ತಪ್ಪಾದರೆ ವಾರ ಕೂಡಲ್ಲ, ಮತ್ತೆ ಲೆಕ್ಕ ಹಾಕ್ತೇವೆ. ಇಲ್ಲೇ ನೋಡಿ ಗಮ್ಮತ್ತು ಇರೋದು. ಎರಡು ಪಂಚಾಂಗಗಳ ನಡುವಿನ ಅಂತರ ಶತಮಾನಕ್ಕೆ ತಕ್ಕಂತೆ ಬದಲಾಗುತ್ತೆ. ಹನ್ನೊಂದನೇ ಶತಮಾನದಲ್ಲಿ 6 ದಿನ. 1100ರ ಫೆಬ್ರವರಿ ಮುಗಿದ ಮೇಲೆ 7 ದಿನ. 1200 ಎರಡೂ ಪಂಚಾಂಗದಲ್ಲಿ ಅಧಿಕ ವರ್ಷವೇ ಆದ್ದರಿಂದ ಅಲ್ಲಿ ಅಂತರ ಬೆಳೆಯಲ್ಲ. 1300ರ ಫೆಬ್ರವರಿ ಕೊನೆಯವರೆಗೂ ಅದು ಏಳೇ. ಏಳು ದಿನ ಅಂದರೆ ಸರಿಯಾಗಿ ಒಂದು ವಾರ! ಜೂಲಿಯನ್ 1112ರ ಡಿಸೆಂಬರ್ 25 ಬುಧವಾರ. ಗ್ರೆಗೋರಿಯನ್ ನಿಯಮದ 1112ರ ಡಿಸೆಂಬರ್ 25, ಅಂದರೆ ಅದಕ್ಕಿಂತ ಏಳು ದಿನ ಹಿಂದಿನ ದಿನ, ಅದೂ ಬುಧವಾರವೇ. ತಪ್ಪು ಪಂಚಾಂಗದಲ್ಲಿ ಹುಡುಕಿದರೂ ವಾರ ಕೂಡುತ್ತೆ, ಪರೀಕ್ಷೆ ಪಾಸಾಗುತ್ತೆ.

ಇನ್ನೂರು ವರ್ಷ ಈ ಬಲೆ ಹಾಸಿಕೊಂಡಿದೆ. ಆ ಇನ್ನೂರು ವರ್ಷ ಯಾವುದು ಅಂತ ಯೋಚನೆ ಮಾಡಿ: ವಿಕ್ರಮಾದಿತ್ಯನ ಆಳ್ವಿಕೆಯ ಕೊನೆಯ ಇಪ್ಪತ್ತಾರು ವರ್ಷ, ಮೂರನೇ ಸೋಮೇಶ್ವರ, ಬಿಜ್ಜಳ, ಬಸವಣ್ಣನ ಕಾಲ, ಸೇವುಣರು, ವಿಷ್ಣುವರ್ಧನನಿಂದ ಹಿಡಿದು ಬಹುಪಾಲು ಹೊಯ್ಸಳರು. ಕನ್ನಡ ಶಾಸನಗಳು ತುಂಬಿ ಹರಿಯುವ ಕಾಲ ಅದೇ. ವಿಕ್ರಮಾದಿತ್ಯನ ಆಳ್ವಿಕೆಯೊಳಗೇ ಎರಡು ತರಹ ಆಗುತ್ತೆ. 1090ರ ಶಾಸನದ ತೇದಿಯನ್ನ ತಪ್ಪು ಪಂಚಾಂಗಕ್ಕೆ ಹಾಕಿದರೆ ಸೋಮವಾರ ಬರಬೇಕಾದಲ್ಲಿ ಮಂಗಳವಾರ ಬರುತ್ತೆ, ತಪ್ಪು ಸಿಕ್ಕಿಬೀಳುತ್ತೆ. 1112ರ ಶಾಸನದಲ್ಲಿ ಸಿಕ್ಕಿಬೀಳಲ್ಲ. ಒಬ್ಬನೇ ರಾಜ, ಒಂದೇ ತಂತ್ರಾಂಶ, ಒಂದು ಕಡೆ ಗಂಟೆ ಬಾರಿಸುತ್ತೆ, ಇನ್ನೊಂದು ಕಡೆ ಸುಮ್ಮನಿರುತ್ತೆ.

ಸುಮ್ಮನಿದ್ದರೆ ಏನು ನಷ್ಟ ಅಂತ ಕೇಳಬಹುದು. ತಿಥಿ ಇದೆಯಲ್ಲ. ಏಳು ದಿನ ಹಿಂದೆ ಹೋದರೆ ತಿಥಿ ಸುಮಾರು ಏಳು ಜಾರುತ್ತೆ. ಕಲ್ಲಿನಲ್ಲಿ ದ್ವಾದಶಿ, ಗಣಕದಲ್ಲಿ ಪಂಚಮಿ. ಸಂಶೋಧಕ ಏನು ಬರೀತಾನೆ? ವಾರ ಕೂಡುತ್ತದೆ, ತಿಥಿ ಕೂಡುವುದಿಲ್ಲ, ಶಾಸನದ ಕಾಲಸೂಚನೆ ಅಕ್ರಮ. ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು ಲಿಪಿಕಾರ ತಪ್ಪಿದ, ಅಥವಾ ಶಾಸನವೇ ಕೂಟಶಾಸನ ಇರಬಹುದು ಅಂತ ಅನುಮಾನ ಪಡ್ತಾರೆ. ನಿಜಕ್ಕೂ ತಿಥಿವಾರ ಕೂಡದ ಶಾಸನಗಳು ನಮ್ಮಲ್ಲಿ ಬೇಕಾದಷ್ಟಿವೆ, ಹಾಗಾಗಿ ಈ ಟಿಪ್ಪಣಿ ಯಾರಿಗೂ ವಿಚಿತ್ರ ಅನಿಸೋದೂ ಇಲ್ಲ. ಒಂಬೈನೂರು ವರ್ಷ ಬಿಸಿಲು ಮಳೆ ತಡೆದ ಕಲ್ಲಿನ ಮೇಲೆ ಅನುಮಾನ ಬಂತು. ಕಾರಣವಾದ ಗಣಕದ ಮೇಲೆ ಬರಲಿಲ್ಲ, ಯಾಕಂದರೆ ಅದರ ಹೆಸರೇ ಲೇಖನದಲ್ಲಿ ಇಲ್ಲ. ಅಡಿಟಿಪ್ಪಣಿಯಲ್ಲಿ ಅರ್ಧ ಸಾಲು, ‘ಪೈಥಾನ್ 3.8ರ ತೇದಿ ಘಟಕ ಬಳಸಿದೆ’ ಅಂತ ಇದ್ದಿದ್ದರೆ, ಹತ್ತು ವರ್ಷ ಬಿಟ್ಟು ಓದುವವರೂ ಎರಡು ನಿಮಿಷದಲ್ಲಿ ಕಾರಣ ಹಿಡೀತಿದ್ದರು.

ಎಕ್ಸೆಲ್ ಬಳಸುವವರದ್ದು ಬೇರೆ ಪಾಡು. ಅದಕ್ಕೆ 1900ಕ್ಕಿಂತ ಹಿಂದಿನ ತೇದಿ ತೇದಿಯೇ ಅಲ್ಲ. ಇಟಗಿಯ ತೇದಿ ಅಲ್ಲಿ ಬರೀ ಅಕ್ಷರಗಳ ಸಾಲು. ಅದು ಒಂದು ತರಹ ಪುಣ್ಯ ಅನ್ನಿ. ಆದರೆ ಸಂಪುಟ 2, ಶಾಸನ 10 ಅನ್ನೋದನ್ನ ಚುಟುಕಾಗಿ ‘2-10’ ಅಂತ ಹೊಡೆದರೆ ಎಕ್ಸೆಲ್ ಅದನ್ನ ಫೆಬ್ರವರಿ 10 ಅಥವಾ ಅಕ್ಟೋಬರ್ 2 ಮಾಡಿ ಕೂರಿಸುತ್ತೆ, ಯಾವುದು ಅನ್ನೋದು ನಿಮ್ಮ ಯಂತ್ರದಲ್ಲಿ ಯಾವ ದೇಶದ ಪದ್ಧತಿ ಇಟ್ಟಿದ್ದೀರಿ ಅನ್ನೋದರ ಮೇಲೆ. ಇದೇ ಕಾಟಕ್ಕೆ ಬೇಸತ್ತು ಜೀವವಿಜ್ಞಾನಿಗಳು 2020ರಲ್ಲಿ ಮನುಷ್ಯನ ಕೆಲವು ವಂಶವಾಹಿಗಳ ಹೆಸರನ್ನೇ ಬದಲಾಯಿಸಿಕೊಂಡರು. ಈ ತಾನೇ ತಾನಾಗಿ ಬದಲಿಸುವ ಚಾಳಿಯನ್ನ ಆರಿಸಿಡುವ ಸೌಲಭ್ಯ ಎಕ್ಸೆಲ್‌ಗೆ ಬಂದದ್ದು 2023ರಲ್ಲಿ. ನಿಮ್ಮ ಪಟ್ಟಿ ತಯಾರಾದದ್ದು ಅದಕ್ಕೆ ಮೊದಲೋ ಆಮೇಲೋ?

ತೇದಿ ಲೆಕ್ಕಕ್ಕೆ ಶಾಸನ ಲೋಕದಲ್ಲಿ ಹೆಸರಾದ ಒಂದು ತಂತ್ರಾಂಶ ಜಪಾನಿನಿಂದ ಬಂದದ್ದು. ಮಿಚಿಯೋ ಯಾನೋ ಮತ್ತು ಫುಶಿಮಿ ಮಾಡಿದ ‘ಪಂಚಾಂಗ’. ಹಳೇ ಸಿದ್ಧಾಂತ ಗ್ರಂಥಗಳ ಗಣಿತವನ್ನೇ ಅದು ನಡೆಸುತ್ತೆ. ಅದನ್ನ ಬಳಸಿದ ಸಂಸ್ಕೃತ ಮತ್ತು ಶಾಸನ ವಿದ್ವಾಂಸರು ಅಡಿಟಿಪ್ಪಣಿಯಲ್ಲಿ ‘ಆವೃತ್ತಿ 3.14’ ಅಂತ ಸಂಖ್ಯೆ ಸಮೇತ ಬರೆಯೋದನ್ನ ನೋಡಿರ್ತೀರಿ. ನಾನು ಮೆಚ್ಚುವ ಪದ್ಧತಿ ಅದು. ಆದರೂ ಆವೃತ್ತಿ ಸಂಖ್ಯೆ ಒಂದೇ ಸಾಲದು, ಆಯ್ಕೆಗಳನ್ನೂ ಹೇಳಬೇಕು. ಸೂರ್ಯಸಿದ್ಧಾಂತವೋ ಬೇರೆಯದೋ? ಯಾವ ಊರಿನ ಸೂರ್ಯೋದಯ? ರೇಖಾಂಶದಲ್ಲಿ ಉಜ್ಜಯಿನಿಗೂ ನಮ್ಮ ಕೊಪ್ಪಳ ಸೀಮೆಗೂ ಹೆಚ್ಚು ದೂರ ಇಲ್ಲ, ಆದರೆ ಅಕ್ಷಾಂಶದಲ್ಲಿ ಉಜ್ಜಯಿನಿ ಬಹಳ ಉತ್ತರಕ್ಕಿದೆ. ಡಿಸೆಂಬರ್ ಕೊನೆಯಲ್ಲಿ ಇಟಗಿಯಲ್ಲಿ ಸೂರ್ಯ ಹುಟ್ಟಿ ಸುಮಾರು ಕಾಲು ಗಂಟೆ ಆದಮೇಲೆ ಉಜ್ಜಯಿನಿಯಲ್ಲಿ ಹುಟ್ಟುತ್ತಾನೆ. ಸೂರ್ಯೋದಯದ ಹೊತ್ತಿಗೆ ಯಾವ ತಿಥಿ ಇದೆಯೋ ಅದೇ ಆ ದಿನದ ತಿಥಿ ಆದ್ದರಿಂದ, ಆ ಕಾಲು ಗಂಟೆಯಲ್ಲಿ ತಿಥಿ ಮುಗಿದರೆ ಎರಡು ಊರಿಗೆ ಎರಡು ಉತ್ತರ. ದಿನಾ ಆಗೋದಲ್ಲ, ಆದರೆ ವಾದ ಎದ್ದಿರೋ ಶಾಸನದಲ್ಲೇ ಆದರೆ?

ಇದೆಲ್ಲ ಹೊಸ ಜಗತ್ತಿನ ಗೊಡವೆ ಅಂತ ಅಂದುಕೊಳ್ಳುವವರಿಗೆ ಒಂದು ಮಾತು. ‘ಆವೃತ್ತಿ’ ಅನ್ನೋ ಪದ ನಮಗೆ ಪುಸ್ತಕದಿಂದಲೇ ಬಂದದ್ದು. ಶಾಸನಶಾಸ್ತ್ರದವರು ಆವೃತ್ತಿಯ ಪೆಟ್ಟು ತಿಂದೇ ಬೆಳೆದವರು. ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೇ ಸಂಪುಟ, ಶ್ರವಣಬೆಳಗೊಳ. ಬಿ.ಎಲ್. ರೈಸ್ 1889ರಲ್ಲಿ ಹೊರತಂದಾಗ ಅದರಲ್ಲಿ 144 ಶಾಸನ. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500. ಮೈಸೂರು ವಿಶ್ವವಿದ್ಯಾಲಯದ 1973ರ ಪರಿಷ್ಕೃತ ಆವೃತ್ತಿಯಲ್ಲಿ 573. ಯಾರಾದರೂ ‘ಎ.ಕ. 2, ಸಂಖ್ಯೆ 140’ ಅಂತ ಬರೆದು ಆವೃತ್ತಿ ಹೇಳದಿದ್ದರೆ ಮೂರು ಪುಸ್ತಕ ತೆರೆಯಬೇಕು. ಮಿಕ್ಕ ಸಂಪುಟಗಳಲ್ಲಿ ತಾಲ್ಲೂಕುಗಳ ಹಂಚಿಕೆಯೇ ಬದಲಾಗಿದೆ. ಅದಕ್ಕೇ ‘ಎ.ಕ. ಪರಿಷ್ಕೃತ’ ಅಂತ ಬರೆಯೋ ರೂಢಿ ಬಂತು. ಯಾರೂ ಇದನ್ನ ಅತಿಯಾದ ಶಿಸ್ತು ಅಂತ ಹಳಿಯಲ್ಲ.

ಪಡಿಯಚ್ಚಿನ ಕತೆಯೂ ಇದೇ. ವಾಲ್ಟರ್ ಎಲಿಯಟ್ ಕರ್ನಾಟಕದ ಸೀಮೆಯಲ್ಲಿ 595 ಶಾಸನಗಳ ಕೈಪ್ರತಿ ಮಾಡಿಸಿದ. ಅವು ಕಣ್ಣಲ್ಲಿ ನೋಡಿ ಕೈಯಲ್ಲಿ ಬರೆದವು. ಮುಂದೆ ಫ್ಲೀಟ್ ಕಾಲಕ್ಕೆ ಮಸಿ ಹಚ್ಚಿದ ಅಚ್ಚು ಬಂತು, ಅದರ ಫಲಕವನ್ನ ಕೈಯಿಂದ ತಿದ್ದಿದ್ದಾರೋ ಇಲ್ಲವೋ ಅನ್ನೋದು ದೊಡ್ಡ ಪ್ರಶ್ನೆಯಾಯಿತು. ಸಂಪಾದಕ ಮೊದಲ ಪ್ಯಾರಾದಲ್ಲೇ ‘ಮಸಿಯ ಪಡಿಯಚ್ಚಿನಿಂದ ಓದಿದೆ’, ‘ಕಲ್ಲನ್ನೇ ನೋಡಿ ಓದಿದೆ’ ಅಂತ ಹೇಳೋದು ಆ ಅನುಭವದಿಂದ. ಗವಿಮಠ, ಪಾಲ್ಕಿಗುಂಡಿನ ಅಶೋಕನ ಶಾಸನಗಳು 1931ರಲ್ಲಿ ಬೆಳಕಿಗೆ ಬಂದು, ಆರ್.ಎಲ್. ಟರ್ನರ್ ಸಂಪಾದಿಸಿದ ಪುಸ್ತಕ ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ 1932ರಲ್ಲಿ ಬಂತು. 1935ರಲ್ಲಿ ಅದೇ ಮಾಲೆಯಲ್ಲಿ ಸಿ.ಆರ್. ಕೃಷ್ಣಮಾಚಾರ್ಲು ಅವರ ಕೊಪ್ಪಳದ ಕನ್ನಡ ಶಾಸನಗಳು. ಆಮೇಲೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕೊಪ್ಪಳ ಜಿಲ್ಲೆಗೇ ಒಂದು ಶಾಸನ ಸಂಪುಟ ತಂದಿತು. ಈ ಮೂರನ್ನೂ ಎದುರುಬದುರು ಇಟ್ಟು ಓದಲು ಸಾಧ್ಯವಾಗೋದು ಯಾಕೆ? ಪ್ರತಿಯೊಂದೂ ಯಾವ ಆಧಾರದಿಂದ ಓದಿದ್ದು ಅಂತ ಹೇಳಿರುವುದರಿಂದ. ಗಣಕ ಬಂದಮೇಲೆ ಈ ಅಭ್ಯಾಸ ಕೈಬಿಟ್ಟದ್ದು ನನಗೆ ಇವತ್ತಿಗೂ ಅರ್ಥವಾಗದ ಸಂಗತಿ.

ಈಗ ಅಕ್ಷರಗಳ ವಿಷಯ. ಇದು ನನ್ನ ಪ್ರಕಾರ ತೇದಿಗಿಂತ ದೊಡ್ಡದು.

ಹಳಗನ್ನಡದ ೞ ಯಾವಾಗ ಳ ಆಯಿತು, ಯಾವ ಸೀಮೆಯಲ್ಲಿ ಮೊದಲು ಆಯಿತು ಅನ್ನೋದು ಕನ್ನಡ ಭಾಷಾ ಚರಿತ್ರೆಯ ದೊಡ್ಡ ಪ್ರಶ್ನೆಗಳಲ್ಲಿ ಒಂದು. ಹತ್ತನೇ ಶತಮಾನದಿಂದ ಈಚೆಗೆ ಶಾಸನಗಳಲ್ಲಿ ಎರಡೂ ಕಲಸಿಹೋಗುತ್ತಾ ಬರುತ್ತವೆ. ಹದಿಮೂರನೇ ಶತಮಾನದ ಕೇಶಿರಾಜ ೞ ಇರುವ ಪದಗಳನ್ನ ಪಟ್ಟಿ ಮಾಡಿ ಕೊಡಬೇಕಾಯಿತು ಅಂದರೆ ಜನರ ಬಾಯಲ್ಲಿ ಅದು ಹೋಗಿತ್ತು ಅಂತಲೇ ಅರ್ಥ. ಇದಕ್ಕೆ ಸಾಕ್ಷಿ ಶಾಸನಗಳೇ. ಸಾವಿರಾರು ಶಾಸನಗಳ ಪಾಠ ಗಣಕದಲ್ಲಿದ್ದರೆ ಶತಮಾನವಾರು, ಸೀಮೆವಾರು ಎಣಿಸಿ ನಕ್ಷೆ ಹಾಕಬಹುದು. ಎಂಥಾ ಚಂದದ ಕೆಲಸ!

ಆದರೆ ಆ ಪಾಠ ಗಣಕಕ್ಕೆ ಬಂದ ದಾರಿ ಯಾವುದು? ಬರಹ, ನುಡಿ ತಂತ್ರಾಂಶಗಳ ಹಳೇ ಕಾಲದಲ್ಲಿ ಬೆರಳಚ್ಚಾದ ಕನ್ನಡ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚೂರುಗಳನ್ನ ಕೂರಿಸಿದ ಫಾಂಟಿನ ಮೇಲೆ ನಿಂತಿತ್ತು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ, ನೀವೆಲ್ಲ ನೋಡಿರ್ತೀರಿ. ಆ ಕಡತಗಳನ್ನ ಪರಿವರ್ತಕಗಳ ಮೂಲಕ ಯೂನಿಕೋಡಿಗೆ ತಂದದ್ದು ಆಮೇಲೆ. ಪರಿವರ್ತಕ ಅಂದರೆ ಒಂದು ಪಟ್ಟಿ, ಈ ಚೂರಿಗೆ ಈ ಅಕ್ಷರ ಅಂತ. ದಿನನಿತ್ಯದ ಕನ್ನಡಕ್ಕೆ ಬರೆದ ಪಟ್ಟಿಯಲ್ಲಿ ೞ ಇಲ್ಲದಿದ್ದರೆ ಅದು ಮಾಯವಾಗಬಹುದು, ಅಥವಾ ಬೇರೆ ಏನೋ ಆಗಬಹುದು. ಮುಂದಿನ ಆವೃತ್ತಿಯಲ್ಲಿ ಸರಿಪಡಿಸಿದರೂ ಆಗಲೇ ಪರಿವರ್ತನೆಯಾದ ಕಡತ ಸರಿಯಾಗಲ್ಲ. ಒಂದು ಜಿಲ್ಲೆಯ ಶಾಸನಗಳನ್ನ ಒಂದು ಆವೃತ್ತಿಯಲ್ಲಿ, ಪಕ್ಕದ ಜಿಲ್ಲೆಯದನ್ನ ಇನ್ನೊಂದರಲ್ಲಿ ಪರಿವರ್ತಿಸಿದ್ದರೆ, ನಕ್ಷೆ ಹಾಕಿದಾಗ ಜಿಲ್ಲೆಯ ಗಡಿಯಲ್ಲೇ ೞ ನಿಂತುಹೋದ ಹಾಗೆ ಕಾಣುತ್ತೆ! ಅದನ್ನ ಉಪಭಾಷೆಯ ಗಡಿ ಅಂತ ವ್ಯಾಖ್ಯಾನ ಮಾಡೋಕೆ ಯಾರಿಗೆ ಆಸೆ ಆಗಲ್ಲ ಹೇಳಿ. ಅಂದಹಾಗೆ ಈ ೞಗೆ ಯೂನಿಕೋಡ್ ಪಟ್ಟಿಯಲ್ಲಿ ಇವತ್ತಿಗೂ ಅಧಿಕೃತ ಹೆಸರು ‘ಫ’! ಮೊದಲಲ್ಲೇ ಆದ ಎಡವಟ್ಟು ಅದು. ಒಮ್ಮೆ ಕೊಟ್ಟ ಹೆಸರನ್ನ ಯೂನಿಕೋಡ್ ಬದಲಿಸಲ್ಲ ಅನ್ನೋ ನಿಯಮ ಇರೋದರಿಂದ ಸರಿಯಾದ ಹೆಸರನ್ನ ಉಪನಾಮವಾಗಿ ಪಕ್ಕದಲ್ಲಿ ಇಟ್ಟಿದ್ದಾರೆ. ಹೆಸರು ನೋಡಿ ಅಕ್ಷರ ಹುಡುಕುವ ಪ್ರೋಗ್ರಾಮು ಬರೆದವರಿಗೆ ದೇವರೇ ಗತಿ.

ಯೂನಿಕೋಡಿಗೇ ಆವೃತ್ತಿಗಳಿವೆ ಅನ್ನೋದು ಬಹಳ ಜನಕ್ಕೆ ಹೊಳೆಯಲ್ಲ. ಕನ್ನಡದ ಮಟ್ಟಿಗೆ ಶಾಸನದವರಿಗೆ ಬೇಕಾದ ಚಿಹ್ನೆಗಳು ಬಂದದ್ದು ಒಂದೊಂದಾಗಿ. ಅವಗ್ರಹ 4.0ರಲ್ಲಿ, 2003. ಜಿಹ್ವಾಮೂಲೀಯ, ಉಪಧ್ಮಾನೀಯ 5.0ರಲ್ಲಿ, 2006. ಚಂದ್ರಬಿಂದು 7.0ರಲ್ಲಿ, 2014. ಶಾಸನದ ಮೊದಲಲ್ಲಿ ಸುರುಳಿಯಂತೆ ಕೂರುವ ಸಿದ್ಧಂ ಚಿಹ್ನೆ ಬಂದದ್ದು 11.0ರಲ್ಲಿ, 2018ಕ್ಕೆ. ನಕಾರ ಪೊಲ್ಲು 14.0ರಲ್ಲಿ, 2021. ಇಲ್ಲಿ ಆ ಎರಡನ್ನೂ ಇಡ್ತೇನೆ: ಄ ಮತ್ತು ೝ. ನಿಮ್ಮ ಫೋನಿನಲ್ಲಿ ಖಾಲಿ ಡಬ್ಬಿ ಕಂಡರೆ ಫಾಂಟಿನ ಆವೃತ್ತಿ ಹಳೆಯದು ಅಂತ ತಿಳ್ಕೊಳ್ಳಿ. 2018ಕ್ಕೆ ಮೊದಲು ಬೆರಳಚ್ಚು ಮಾಡಿದವರು ಆ ಸುರುಳಿಯನ್ನ ಆವರಣದಲ್ಲಿ ‘ಸಿದ್ಧಂ’ ಅಂತ ಬರೆದಿರಬಹುದು, ‘ಓಂ’ ಅಂತ ಬರೆದಿರಬಹುದು, ಬಿಟ್ಟೇ ಬಿಟ್ಟಿರಬಹುದು. ಈಗಿನ ಚಿಹ್ನೆ ಹಾಕಿ ಹುಡುಕಿದರೆ ಆ ಪಾಠಗಳಲ್ಲಿ ಒಂದೂ ಸಿಗಲ್ಲ. ಇಲ್ಲ ಅನ್ನೋ ಆ ಉತ್ತರಕ್ಕೂ ಕಲ್ಲಿಗೂ ಸಂಬಂಧವೇ ಇಲ್ಲ.

ಅರ್ಕಾವೊತ್ತಿನದ್ದೂ ಇಂಥದ್ದೇ. ಶಾಸನದಲ್ಲಿ ರಕಾರವನ್ನ ಪೂರ್ತಿ ಬರೆದು ಕೆಳಗೆ ಒತ್ತಕ್ಷರ ಕೊಟ್ಟಿದ್ದಾನೋ, ಅರ್ಕಾವೊತ್ತು ಹಾಕಿದ್ದಾನೋ ಅನ್ನೋದು ಲಿಪಿ ಅಧ್ಯಯನಕ್ಕೆ ಬೇಕಾದ ಸುಳಿವು. ಯೂನಿಕೋಡಿನಲ್ಲಿ ಎರಡರ ವ್ಯತ್ಯಾಸ ಉಳಿಯೋದು ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತದಿಂದ. ಪಠ್ಯ ‘ಶುಚಿ’ ಮಾಡುವ ಸಣ್ಣ ಪ್ರೋಗ್ರಾಮುಗಳು ಮೊದಲು ಗುಡಿಸಿ ಹಾಕೋದೇ ಇಂಥ ಕಾಣದ ಸಂಕೇತಗಳನ್ನ.

ಮುದ್ರಿತ ಸಂಪುಟಗಳನ್ನ ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಡೋರು ಈಗ ಹೆಚ್ಚು. ಟೆಸೆರಾಕ್ಟ್ ಅಂತ ಒಂದು ಮುಕ್ತ ತಂತ್ರಾಂಶ ಇದೆ, ಕನ್ನಡವನ್ನೂ ಓದುತ್ತೆ. 2018ರಲ್ಲಿ ಬಂದ ಅದರ 4ನೇ ಆವೃತ್ತಿಯಲ್ಲಿ ಓದುವ ವಿಧಾನವೇ ಬದಲಾಯಿತು, ನರಜಾಲದ ಮಾದರಿ ಒಳಗೆ ಬಂತು. ಜೊತೆಗೆ ಒಂದೇ ಭಾಷೆಗೆ ‘ವೇಗದ’ ಮಾದರಿ, ‘ಉತ್ತಮ’ ಮಾದರಿ ಅಂತ ಬೇರೆ ಬೇರೆ ಕಡತಗಳು. ‘ಟೆಸೆರಾಕ್ಟ್‌ನಿಂದ ತೆಗೆದೆ’ ಅಂದರೆ ಹಾಗಾಗಿ ಏನೂ ಹೇಳಿದ ಹಾಗಾಗಲ್ಲ. ಆನ್‌ಲೈನ್ ಸೇವೆಗಳಲ್ಲಿ ಇನ್ನೂ ಕಷ್ಟ. ಅಲ್ಲಿ ಆವೃತ್ತಿ ಸಂಖ್ಯೆ ಎಷ್ಟೋ ಸಲ ಹೊರಗೆ ಕಾಣೋದೇ ಇಲ್ಲ, ಒಳಗೆ ಯಾವಾಗ ಬದಲಾಯಿತೋ ಗೊತ್ತಾಗಲ್ಲ. ಇವತ್ತು ಕೊಟ್ಟ ಪುಟವನ್ನೇ ಆರು ತಿಂಗಳು ಬಿಟ್ಟು ಕೊಟ್ಟರೆ ಬೇರೆ ಪಾಠ ಬರಬಹುದು. ಕೃತಕ ಬುದ್ಧಿಮತ್ತೆಯ ಮಾತುಗಾರ ಯಂತ್ರಗಳಿಗೆ ಶಾಸನದ ಫೋಟೋ ಕೊಟ್ಟು ಓದಿಸೋರಿಗಂತೂ ಇದು ಇನ್ನೂ ಹೆಚ್ಚು ಅನ್ವಯ. ಇಂಥಲ್ಲಿ ಸೇವೆಯ ಹೆಸರು, ಬಳಸಿದ ದಿನ ಬರೆದು, ಅದು ಕೊಟ್ಟ ಮೂಲ ಪಾಠವನ್ನ ತಿದ್ದದೇ ಒಂದು ಪ್ರತಿ ಎತ್ತಿಡೋದೇ ದಾರಿ.

ಮೂರು ಆಯಾಮದ ಮಾದರಿಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡ್ತೇನೆ. ಬೆಂಗಳೂರಿನ ಮಿಥಿಕ್ ಸೊಸೈಟಿ ತನ್ನ ಶಾಸನ ಸಂರಕ್ಷಣಾ ಯೋಜನೆಯಲ್ಲಿ ಬೆಂಗಳೂರು ಸುತ್ತಲಿನ ಕಲ್ಲುಗಳನ್ನ ಸ್ಕ್ಯಾನ್ ಮಾಡುತ್ತಾ ಬಂದಮೇಲೆ ಬೇರೆ ಕಡೆಯೂ ಉತ್ಸಾಹ ಹುಟ್ಟಿದೆ. ಸ್ಕ್ಯಾನರ್ ಇಲ್ಲದವರು ನೂರಾರು ಫೋಟೋ ತೆಗೆದು ತಂತ್ರಾಂಶದಲ್ಲಿ ಜೋಡಿಸ್ತಾರೆ. ಫೋಟೋಸ್ಕ್ಯಾನ್ ಅಂತ ಇದ್ದ ಒಂದು ತಂತ್ರಾಂಶ 2018ರ ಕೊನೆಗೆ 1.5ನೇ ಆವೃತ್ತಿಯೊಂದಿಗೆ ಮೆಟಾಶೇಪ್ ಅಂತ ಹೆಸರನ್ನೇ ಬದಲಿಸಿಕೊಂಡಿತು. ಹಳೇ ಲೇಖನ ಓದುವ ಹೊಸಬರಿಗೆ ಎರಡೂ ಒಂದೇ ಅಂತ ಗೊತ್ತಾಗಲ್ಲ. ಇಂಥ ತಂತ್ರಾಂಶಗಳು ಮೇಲ್ಮೈಯನ್ನ ನಯ ಮಾಡ್ತವೆ, ತೂತು ಮುಚ್ತವೆ. ಸವೆದ ಶಾಸನದಲ್ಲಿ ಒಂದು ಗೀಟಿನ ಅಂತರದಲ್ಲಿ ನಿಂತ ಅಕ್ಷರಗಳಿಗೆ ಆ ನಯವೇ ಮುಳುವು. ಅದು ಆಧುನಿಕ ಕಾಲದ ‘ಕೈಯಿಂದ ತಿದ್ದಿದ ಫಲಕ’. ಮಾದರಿ ಎಷ್ಟೇ ಸುಂದರವಾಗಿರಲಿ, ಮೂಲ ಫೋಟೋಗಳನ್ನ ಅಳಿಸಬೇಡಿ. ಮುಂದೊಂದು ದಿನ ಹೊಸ ಆವೃತ್ತಿಯಲ್ಲಿ ಮತ್ತೆ ಜೋಡಿಸಿ ನೋಡಬೇಕಾಗುತ್ತೆ, ಅಷ್ಟರಲ್ಲಿ ಕಲ್ಲು ಇರುತ್ತೋ ಇಲ್ಲವೋ.

ಬೇರೆ ಶಾಸ್ತ್ರದವರಿಗೂ ಇದು ತಡವಾಗಿಯೇ ಹೊಳೆದದ್ದು. 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದವರು ಒಂದು ವಿಷಯ ಬಯಲಿಗೆ ತಂದರು. 2014ರಲ್ಲಿ ಪ್ರಕಟವಾಗಿ ಬಹಳ ಜನ ಬಳಸುತ್ತಿದ್ದ ಒಂದು ಪೈಥಾನ್ ಪ್ರೋಗ್ರಾಮು ಬೇರೆ ಬೇರೆ ಕಾರ್ಯಾಚರಣ ವ್ಯವಸ್ಥೆಯಲ್ಲಿ ಬೇರೆ ಬೇರೆ ಉತ್ತರ ಕೊಡುತ್ತಿತ್ತು. ಕಾರಣ ತೀರಾ ಸಣ್ಣದು. ಫೋಲ್ಡರಿನಲ್ಲಿನ ಕಡತಗಳು ಇಂಥದ್ದೇ ಕ್ರಮದಲ್ಲಿ ಬರುತ್ತವೆ ಅಂತ ಪ್ರೋಗ್ರಾಮು ನಂಬಿತ್ತು, ಎಲ್ಲ ವ್ಯವಸ್ಥೆಯಲ್ಲೂ ಹಾಗೆ ಬರಲ್ಲ. ನೂರು ಪುಟದ ಸ್ಕ್ಯಾನ್ ಕೊಟ್ಟಾಗ 10ನೇ ಪುಟ 2ನೇ ಪುಟಕ್ಕಿಂತ ಮೊದಲು ಬಂದು, ಶಾಸನದ ಅರ್ಧಭಾಗ ಇನ್ನೊಂದು ಶಾಸನದ ಬಾಲವಾಗೋದು ನಮ್ಮಲ್ಲೂ ಆಗುವಂಥದ್ದೇ.

ಹಾಗಾದರೆ ಏನು ಬರೆಯಬೇಕು? ಹೆಚ್ಚೇನಿಲ್ಲ, ಒಂದು ಅಡಿಟಿಪ್ಪಣಿ. ನಾನು ಬರೆಯುವ ಧಾಟಿ ಹೀಗೆ: ‘ತೇದಿ ಪರಿಶೀಲನೆ: ಯಾನೋ-ಫುಶಿಮಿ ಪಂಚಾಂಗ, ಆವೃತ್ತಿ 3.14, ಸೂರ್ಯಸಿದ್ಧಾಂತ, ಸ್ಥಳ ಇಟಗಿ, ಫಲಿತಾಂಶ ಜೂಲಿಯನ್‌ನಲ್ಲಿ. ಪಾಠ: ಎಪಿಗ್ರಾಫಿಯಾ ಇಂಡಿಕಾ 13ರ ಸ್ಕ್ಯಾನ್‌ನಿಂದ, ಅಕ್ಷರ ಗುರುತಿಸಿದ್ದು ಟೆಸೆರಾಕ್ಟ್ ಇಂಥ ಆವೃತ್ತಿ, ಕನ್ನಡದ ಉತ್ತಮ ಮಾದರಿ, ಆಮೇಲೆ ಕೈಯಿಂದ ತಿದ್ದಿದ್ದು. ಪಾಠದಲ್ಲಿ ಯೂನಿಕೋಡ್ 14ರವರೆಗಿನ ಚಿಹ್ನೆಗಳಿವೆ.’ ಆವೃತ್ತಿ ಸಂಖ್ಯೆ ಎಲ್ಲಿ ಸಿಗುತ್ತೆ ಅಂತ ಕೆಲವರು ಕೇಳ್ತಾರೆ. ಬಹುತೇಕ ತಂತ್ರಾಂಶಗಳಲ್ಲಿ ‘ಸಹಾಯ’ ಪಟ್ಟಿಯ ಕೊನೆಯಲ್ಲಿ ‘ಕುರಿತು’ ಅಂತ ಇರುತ್ತೆ, ಒತ್ತಿ. ಮೆಟಾಶೇಪ್ ಕೊನೆಗೆ ಕೊಡುವ ವರದಿಯಲ್ಲಿ ಆವೃತ್ತಿ, ಆಯ್ಕೆಗಳು ಎಲ್ಲ ಇರುತ್ತವೆ, ಆ ವರದಿಯನ್ನ ಫೋಟೋಗಳ ಜೊತೆಯೇ ಇಡಿ. ಸ್ವಂತ ಪ್ರೋಗ್ರಾಮು ಬರೆದಿದ್ದರೆ ಝೆನೊಡೋದಲ್ಲಿ ಉಚಿತವಾಗಿ ಇಡಬಹುದು. ಸರ್ನ್ ಸಂಸ್ಥೆಯವರು 2013ರಿಂದ ನಡೆಸುತ್ತಿರುವ ಭಂಡಾರ ಅದು, ಪ್ರತಿ ಆವೃತ್ತಿಗೂ ಬೇರೆ ಶಾಶ್ವತ ಗುರುತು ಸಂಖ್ಯೆ ಕೊಡುತ್ತೆ.

ಪಂಚಾಂಗದ ಹೆಸರನ್ನ ಮಾತ್ರ ಅಡಿಟಿಪ್ಪಣಿಗೆ ಬಿಡದೆ ತೇದಿಯ ಪಕ್ಕದಲ್ಲೇ ಹಾಕಿ ಅಂತ ನನ್ನ ಒತ್ತಾಯ. ‘1112 ಡಿಸೆಂಬರ್ 25 (ಜೂ.)’ ಅಂತ ಒಂದಕ್ಷರ ಸಾಕು. ಅದರಲ್ಲೂ 1100ರ ಮಾರ್ಚಿನಿಂದ 1300ರ ಫೆಬ್ರವರಿವರೆಗಿನ ಶಾಸನಗಳಲ್ಲಿ ವಾರ ಕೂಡಿತು ಅಂತ ಅಲ್ಲಿಗೇ ನಿಲ್ಲದೆ, ತಿಥಿ ಮತ್ತು ಸಂಕ್ರಾಂತಿ ಎರಡನ್ನೂ ನೋಡಿ. ಹಿಂದೆ ಗಣಕದಲ್ಲಿ ಪರೀಕ್ಷಿಸಿ ‘ತಿಥಿ ಕೂಡುವುದಿಲ್ಲ’ ಅಂತ ಪಕ್ಕಕ್ಕಿಟ್ಟ ಶಾಸನಗಳು ಈ ಕಾಲದವು ನಿಮ್ಮ ಟಿಪ್ಪಣಿಯಲ್ಲಿದ್ದರೆ, ಮತ್ತೊಮ್ಮೆ ತೆಗೆದು ಏಳು ದಿನ ಮುಂದಕ್ಕೆ ಹಾಕಿ ನೋಡಿ.